"ಹಳೆಯ ವೈನ್ ಹೀಗೇ ಇರುತ್ತೆ" ಅಂದರೆ ನಂಬಬೇಡಿ

ಯಾರಾದರೂ ತಮ್ಮ ಮನೆಯಲ್ಲಿ ವೈನ್ ಇಡುವ ತಂಪು ಕೋಣೆ, ಅಂದರೆ ಸೆಲ್ಲಾರ್‌ನಲ್ಲಿ ಇಟ್ಟಿದ್ದ ಹಳೆಯ ರೆಡ್ ವೈನ್ ಮಾರುತ್ತೇವೆ ಎಂದರೆ, ಬರೀ ಲೇಬಲ್ ಮೇಲಿನ ಇಸವಿ ನೋಡಿ ದುಡ್ಡು ಕೊಡಬೇಡಿ. ಬಾಟಲಿಯಲ್ಲಿ ವೈನ್ ಎಲ್ಲಿಯವರೆಗೆ ಇದೆ ಅಂತ ನೋಡಿ. ಸಾಧ್ಯವಾದರೆ ಆ ಸೆಲ್ಲಾರನ್ನೂ ನೋಡಿ. ಇದಕ್ಕೆ ಒಪ್ಪದವರ ಜೊತೆ ವ್ಯವಹಾರವೇ ಬೇಡ.

ನನ್ನ ಗೆಳೆಯನೊಬ್ಬ ಹೀಗೆ ಫ್ರಾನ್ಸಿನ ಬೋರ್ಡೋ ಪ್ರದೇಶದ 1989ರ ವೈನ್ ತರಿಸಿದ್ದ. ಒಳ್ಳೆಯ ವರ್ಷ, ಹೆಸರಿರುವ ತೋಟ, ಹೆಚ್ಚಿನ ಪಾಲು ಕ್ಯಾಬರ್ನೆ ಸೋವಿನ್ಯೋನ್ ಎಂಬ ತಳಿಯ ದ್ರಾಕ್ಷಿ. ಸರಿಯಾಗಿ ಇಟ್ಟಿದ್ದರೆ ಅಂಥ ವೈನ್ ಮೂವತ್ತು ವರ್ಷ ದಾಟಿದರೂ ಚೆನ್ನಾಗಿಯೇ ಇರುತ್ತದೆ. ಮಾರಿದವರು ಕಳಿಸಿದ್ದು ಲೇಬಲ್ಲಿನ ಫೋಟೋ ಮಾತ್ರ. ಕುತ್ತಿಗೆ ಕಾಣುವಂಥ ಫೋಟೋ ಕೇಳಿದರೆ "ಬಾಟಲಿ ಕದಲಿಸಿದರೆ ಗಸಿ ಮೇಲೇಳುತ್ತೆ" ಅಂದರಂತೆ. ಸೆಲ್ಲಾರ್ ಯಾವಾಗಲೂ 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದೆ ಎಂದೂ ಹೇಳಿದ್ದರು. ಗೆಳೆಯ ನಂಬಿದ. ಅಷ್ಟು ಖಚಿತವಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ.

ಬಾಟಲಿಗಳು ಬಂದಾಗ ವೈನ್ ಭುಜದ, ಅಂದರೆ ಕುತ್ತಿಗೆಯ ಕೆಳಗೆ ಬಾಟಲಿ ಅಗಲವಾಗುವ ಭಾಗದ, ನಡುವಿನವರೆಗೂ ಇಳಿದಿತ್ತು. ಫೋನ್ ಮಾಡಿ ಕೇಳಿದರೆ ಬಂದ ಉತ್ತರ, ಹಳೆಯದು ಅಂದರೆ ಹಾಗೇ. ಎರಡು ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿದ ಮೇಲೆ ತೆರೆದೆವು. ಬಾಯಿಯ ಮೇಲೆ ಸುತ್ತಿದ ಲೋಹದ ಹಾಳೆ, ಅಂದರೆ ಫಾಯಿಲ್, ತಿರುಗಲೇ ಇಲ್ಲ, ಗಾಜಿಗೆ ಅಂಟಿಕೊಂಡಿತ್ತು. ಕತ್ತರಿಸಿ ತೆಗೆದರೆ ಬಾಯಿಯ ಸುತ್ತ ಅಂಟಂಟು ಕಪ್ಪು ಕಲೆ, ಅದರ ಮೇಲೆ ಬಿಳಿ ಪುಡಿ. ಹಳೆಯ ಕಾರ್ಕ್ ಪುಡಿಯಾಗುತ್ತದೆ ಅಂತ ಎರಡು ಅಲಗಿನ ಓಪನರ್ ಇಳಿಸಿ ನಿಧಾನವಾಗಿ ತಿರುಗಿಸಿ ಎಳೆದೆವು. ಕಾರ್ಕ್‌ನ ಒಂದು ಬದಿಯಲ್ಲಿ ಕೆಳಗಿನಿಂದ ಮೇಲಿನ ತುದಿಯವರೆಗೆ ವೈನ್ ಹರಿದ ಗೆರೆ. ಹಳೆಯ ಕಾರ್ಕ್‌ನ ಕೆಳಭಾಗ ನೆನೆದಿರುವುದು ಸಹಜ. ಆದರೆ ತುದಿಯಿಂದ ತುದಿಗೆ ಹಾದುಹೋದ ಗೆರೆ ಇದ್ದರೆ, ವೈನ್ ಹೊರಗೆ ಬಂದಿದೆ, ಆ ಜಾಗಕ್ಕೆ ಗಾಳಿ ಹೋಗಿದೆ ಎಂದೇ ಅರ್ಥ.

ಗ್ಲಾಸಿಗೆ ಸುರಿದಾಗ ಅಂಚಿನಲ್ಲಷ್ಟೇ ಅಲ್ಲ, ನಡುವಿನಲ್ಲೂ ಕಂದು ಬಣ್ಣ. ಮೂಗಿಗೆ ಮೊದಲು ಬಂದದ್ದು ಬೇಯಿಸಿದ ಒಣ ಪ್ಲಮ್ ವಾಸನೆ, ಅದರ ಹಿಂದೆಯೇ ಜಜ್ಜಿದ ಸೇಬಿನದು, ಕೊನೆಗೆ ನೇಲ್ ಪಾಲಿಶ್ ರಿಮೂವರ್‌ನಂಥ ಒಂದು ಘಾಟು. ಬಾಯಲ್ಲಿ ಹಣ್ಣಿನ ರುಚಿ ಇಲ್ಲವೇ ಇಲ್ಲ. ಬರೀ ಹುಳಿ, ಆಮೇಲೆ ಒಣ ಒಗರು. "ಸ್ವಲ್ಪ ಗಾಳಿಯಾಡಲಿ, ಸರಿಹೋಗುತ್ತೆ" ಅಂದಿದ್ದರು ಮಾರಿದವರು. ಕಾದೆವು. ಅರ್ಧ ಗಂಟೆಯಲ್ಲಿ ಹುಳಿ ಇನ್ನೂ ಜಾಸ್ತಿಯಾಯಿತು. ಇನ್ನೊಂದು ಬಾಟಲಿಯದೂ ಇದೇ ಕಥೆ.

ಹಳೆಯದಾಗುವುದು ಬೇರೆ, ಕೆಡುವುದು ಬೇರೆ. ಚೆನ್ನಾಗಿ ಮಾಗಿದ ರೆಡ್ ವೈನ್ ಬಣ್ಣ ಕಳೆದುಕೊಳ್ಳುತ್ತದೆ, ನಿಜ. ಬಣ್ಣದ ಅಂಶ ಮತ್ತು ಒಗರು ಕೊಡುವ ಟ್ಯಾನಿನ್ ಕೂಡಿಕೊಂಡು ಗಸಿಯಾಗಿ ಕೆಳಗೆ ಕೂರುತ್ತವೆ. ಹಾಗಾಗಿ ನೇರಳೆ ಹೋಗಿ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರುತ್ತದೆ, ಒಗರು ಮೆತ್ತಗಾಗುತ್ತದೆ. ವಾಸನೆಯಲ್ಲಿ ತೊಗಲು, ತಂಬಾಕು, ಉದುರಿದ ಎಲೆ, ಅಣಬೆ, ಒಣಗಿದ ಹಣ್ಣು ಒಂದೊಂದಾಗಿ ಸಿಗುತ್ತವೆ. ಮುಖ್ಯವಾದ ಮಾತು, ಅದರಲ್ಲಿ ಇನ್ನೂ ಜೀವ ಇರುತ್ತದೆ. ಒಂದು ಗುಟುಕು ಕುಡಿದ ಮೇಲೆ ರುಚಿ ಬಾಯಲ್ಲಿ ನಿಲ್ಲುತ್ತದೆ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ಮೊದಲ ಬಾರಿ ಹಳೆಯ ವೈನ್ ಕುಡಿಯುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. "ಹಳೆಯದು ಹೀಗೇ" ಎನ್ನುವ ಮಾತಿಗೆ ಬಲಿಯಾಗುವುದು ಅವರೇ. ಇನ್ನು ಮುಂದೆ ಹಳೆಯ ವೈನ್ ಸಹವಾಸವೇ ಬೇಡ ಎಂದುಬಿಡುತ್ತಾರೆ. ನನಗೆ ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ಹೆಚ್ಚು ಬೇಜಾರು.

ಆಮೇಲೆ ಒತ್ತಾಯ ಮಾಡಿ ಕೇಳಿದಾಗ ಮಾರಿದವರ ಬಾಯಿಂದಲೇ ಬಂತು. ಒಂದು ಬೇಸಿಗೆ ತಂಪು ಮಾಡುವ ಯಂತ್ರ ಕೆಟ್ಟಿತ್ತಂತೆ, ರಿಪೇರಿ ತಡವಾಯಿತಂತೆ. ಅಷ್ಟು ಸಾಕು. ಸೆಕೆಗೆ ವೈನ್ ಹಿಗ್ಗಿ ಕಾರ್ಕನ್ನು ಒತ್ತುತ್ತದೆ, ಸಂದಿಯಿಂದ ಹೊರಗೆ ಜಿನುಗುತ್ತದೆ. ತಂಪಾದಾಗ ಕುಗ್ಗಿ ಅದೇ ದಾರಿಯಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ 12ರಿಂದ 14 ಡಿಗ್ರಿ ಒಳ್ಳೆಯದು ಅನ್ನುತ್ತಾರೆ. ಆದರೆ ಒಂದೆರಡು ಡಿಗ್ರಿ ಆಚೀಚೆ ಆಗುವುದಕ್ಕಿಂತ, ಮತ್ತೆ ಮತ್ತೆ ಏರಿಳಿಯುವುದೇ ಅಪಾಯ. ಹಾಗಾಗಿ "ಎಷ್ಟು ಡಿಗ್ರಿ ಇಟ್ಟಿದ್ದೀರಿ?" ಅಂತ ಕೇಳಿದರೆ ಸಾಲದು. ಯಾವಾಗಲಾದರೂ ಕರೆಂಟ್ ಹೋಗಿತ್ತಾ, ಯಂತ್ರ ಕೆಟ್ಟಿತ್ತಾ, ಬಾಟಲಿಗಳನ್ನು ಬೇರೆ ಮನೆಗೆ ಸಾಗಿಸಿದ್ದರಾ, ಮಲಗಿಸಿ ಇಟ್ಟಿದ್ದರಾ ಅಂತ ಕೇಳಿ. ನಿಲ್ಲಿಸಿಟ್ಟರೆ ಕಾರ್ಕ್ ಒಣಗುತ್ತದೆ. ಅವರೇ ಮೊದಲ ಕೈಯಾ, ಇನ್ನೊಬ್ಬರಿಂದ ಕೊಂಡದ್ದಾ ಅನ್ನುವುದೂ ಗೊತ್ತಾಗಬೇಕು.

ವೈನ್ ಮಟ್ಟದ ವಿಷಯ. ಬೋರ್ಡೋ ಬಾಟಲಿಗೆ ಎದ್ದು ಕಾಣುವ ಭುಜ ಇರುತ್ತದೆ, ಅದರಿಂದ ಸುಲಭ. ಮೂವತ್ತು ವರ್ಷದ ಬಾಟಲಿಯಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿದ್ದರೆ ಗಾಬರಿ ಬೇಡ. ಭುಜದ ನಡುವಿಗೆ ಬಂದಿದ್ದರೆ ಅನುಮಾನ ಪಡಿ. ಅದಕ್ಕೂ ಕೆಳಗಿದ್ದರೆ ಬಿಟ್ಟುಬಿಡಿ. ಫ್ರಾನ್ಸಿನದೇ ಇನ್ನೊಂದು ವೈನ್ ಪ್ರದೇಶವಾದ ಬರ್ಗಂಡಿಯ ಬಾಟಲಿಯದು ಇಳಿಜಾರು ಭುಜ, ಅಲ್ಲಿ ಕಾರ್ಕ್‌ನ ತಳದಿಂದ ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂದು ಅಳೆಯುತ್ತಾರೆ.

ಒಂದು ದೋಷಕ್ಕೆ ಮಾತ್ರ ಮಾರಿದವರನ್ನು ದೂರುವುದು ಸರಿಯಲ್ಲ. ತೆರೆದ ಕೂಡಲೇ ಒದ್ದೆ ರಟ್ಟಿನಂಥ ಮುಗ್ಗಲು ವಾಸನೆ ಬಂದರೆ ಅದು ಸಾಮಾನ್ಯವಾಗಿ ಕಾರ್ಕ್‌ನಿಂದ ಬಂದದ್ದು. ಟಿಸಿಎ ಎನ್ನುವ ರಾಸಾಯನಿಕ ಅದಕ್ಕೆ ಕಾರಣ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಎಷ್ಟೇ ಚೆನ್ನಾಗಿ ಇಟ್ಟ ಬಾಟಲಿಗೂ ಇದು ಬರಬಹುದು. ಕುಡಿದರೆ ಆರೋಗ್ಯಕ್ಕೆ ತೊಂದರೆಯಿಲ್ಲ, ರುಚಿ ಮಾತ್ರ ಸತ್ತಿರುತ್ತದೆ.

ಆದರೆ ಆ ಬಿಳಿ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ ಒಳ್ಳೆಯ ವೈನ್‌ಗಳ ಮೇಲೆ ಸೀಸದ ಫಾಯಿಲ್ ಹಾಕುತ್ತಿದ್ದರು. ಅಮೆರಿಕದಲ್ಲಿ ಅದನ್ನು ನಿಷೇಧಿಸಿದ್ದೇ 1996ರಲ್ಲಿ. ವೈನ್ ಜಿನುಗಿ ಸೀಸಕ್ಕೆ ತಾಗಿದರೆ ಸೀಸ ತಿಂದುಹೋಗಿ, ಅದರ ಪುಡಿ ಬಾಟಲಿಯ ಬಾಯಿಗೆ ಅಂಟುತ್ತದೆ. ಸುರಿಯುವಾಗ ಗ್ಲಾಸಿಗೂ ಬರುತ್ತದೆ. ಆದ್ದರಿಂದ ಆ ಕಾಲದ ಯಾವ ಬಾಟಲಿಯೇ ಇರಲಿ, ಫಾಯಿಲನ್ನು ಪೂರ್ತಿ ತೆಗೆಯಿರಿ. ಕಾರ್ಕ್ ಎಳೆಯುವ ಮೊದಲು ಒಮ್ಮೆ, ಎಳೆದ ಮೇಲೆ ಇನ್ನೊಮ್ಮೆ ಒದ್ದೆ ಬಟ್ಟೆಯಿಂದ ಬಾಯಿಯನ್ನು ಚೆನ್ನಾಗಿ ಒರೆಸಿ. ಆ ಬಟ್ಟೆಯನ್ನು ಮತ್ತೆ ಅಡುಗೆಮನೆಗೆ ಬಳಸಬೇಡಿ.

ನಮಗೆ ದುಡ್ಡು ವಾಪಸ್ ಬಂದಿಲ್ಲ. ಅದೇ ಸೆಲ್ಲಾರಿನ ಉಳಿದ ಬಾಟಲಿಗಳನ್ನು ಅವರು ಈಗಲೂ ಮಾರುತ್ತಿದ್ದಾರೆ, ಈಗಲೂ ಲೇಬಲ್ಲಿನ ಫೋಟೋ ಮಾತ್ರ ತೋರಿಸಿ. ನಿಮಗೆ ಯಾರಾದರೂ ಅಂಥ ಫೋಟೋ ಕಳಿಸಿದರೆ, ಹಿಂದಿನಿಂದ ಟಾರ್ಚ್ ಹಿಡಿದು ಕುತ್ತಿಗೆ, ಭುಜ ಎರಡೂ ಕಾಣುವ ಹಾಗೆ ಇನ್ನೊಂದು ಫೋಟೋ ಕೇಳಿ. ಗಸಿ ಮೇಲೇಳುತ್ತೆ ಅನ್ನುವುದು ನೆಪ ಅಷ್ಟೇ. ಟಾರ್ಚ್ ಹಿಡಿಯುವುದಕ್ಕೆ ಬಾಟಲಿ ಕದಲಿಸಬೇಕಾಗಿಲ್ಲ, ಕದಲಿದರೂ ಗಸಿ ಒಂದೆರಡು ದಿನದಲ್ಲಿ ಮತ್ತೆ ಕೂರುತ್ತದೆ.