ತುಮಕೂರಿನ ಕರಕುಶಲ ಮೇಳದಲ್ಲಿ ಬಂಗಾಳದ ಡೋಕ್ರಾ ಮಳಿಗೆ, ಗೂಬೆನೂ ತಗೊಂಡ್ವಿ ಅಳತೆ ಬಟ್ಟಲೂ ತಗೊಂಡ್ವಿ

ತುಮಕೂರಲ್ಲಿ ಈಗ ನಡೀತಿರೋ ಕರಕುಶಲ ಮೇಳಕ್ಕೆ ಶನಿವಾರ ಸಂಜೆ ಹೋಗಿದ್ವಿ, ನಾನು, ಅತ್ತೆ, ಮಗಳು. ಸೀರೆ, ಉಪ್ಪಿನಕಾಯಿ, ಚಪ್ಪಲಿ ಎಲ್ಲಾ ಮೇಳದಲ್ಲೂ ಇರೋದೇ, ಅದು ಬಿಡಿ. ಕೊನೇ ಸಾಲಿನ ಮೂಲೇಲಿ ಪಶ್ಚಿಮ ಬಂಗಾಳದ ಬಾಂಕುರಾ ಹತ್ರ ಬಿಕ್ನಾ ಅನ್ನೋ ಊರಿಂದ ಗಂಡ ಹೆಂಡ್ತಿ ಬಂದು ಡೋಕ್ರಾ ಸಾಮಾನು, ಅಂದ್ರೆ ಮೇಣದ ಎಳೆ ಸುತ್ತಿ ಎರಕ ಹೊಯ್ದ ಹಿತ್ತಾಳೆ ಸಾಮಾನು, ಇಟ್ಕೊಂಡಿದಾರೆ, ನಾನು ಬರೀತಿರೋದು ಅವರ ಮಳಿಗೆ ಬಗ್ಗೆ.

ನಿಜ ಹೇಳ್ಬೇಕು ಅಂದ್ರೆ ಡೋಕ್ರಾ ಅಂದ್ರೆ ನಂಗೆ ಬೇಜಾರಿತ್ತು. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ಡೋಕ್ರಾ ಅಂತ ಒಂದು ಜೊತೆ ಕುದುರೆ ತರಿಸಿದ್ದೆ, ಎರಡೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಥರ, ಹೊಟ್ಟೆ ಕೆಳಗೆ ಎರಡು ಅಚ್ಚು ಕೂಡಿಸಿದ ಗೆರೆ ಬೇರೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಬಂಗಾರದ ಬಣ್ಣ ಕೈಗೆ ಬಂತು. ಅದಕ್ಕೇ ಇಲ್ಲಿ ಮೊದಲು ಎರಡು ಆನೆ ತಗೊಂಡು ಪಕ್ಕಪಕ್ಕ ಇಟ್ಟು ನೋಡ್ದೆ. ಒಂದರ ಸೊಂಡಿಲು ಎಡಕ್ಕೆ ವಾಲಿದೆ, ಇನ್ನೊಂದರ ಕಿವಿ ದಪ್ಪ. ಆ ಅಣ್ಣ ನಾನು ಹುಡುಕ್ತಿರೋದು ನೋಡಿ ಹಿಂದೀಲಿ ಹೇಳಿದ್ರು, ಎರಡು ಒಂದೇ ಥರ ಆಗೋಕೆ ಸಾಧ್ಯಾನೇ ಇಲ್ಲ ದೀದಿ, ಒಂದು ಅಚ್ಚಿಗೆ ಒಂದೇ ಬೊಂಬೆ, ಅಚ್ಚು ಒಡೀದೆ ಬೊಂಬೆ ಆಚೆ ಬರಲ್ಲ ಅಂತ.

ಟೇಬಲ್ ಮೇಲೆ ಅರ್ಧ ಕೆಲಸ ಆಗಿರೋದೂ ಒಂದಿಷ್ಟು ಇಟ್ಟಿದಾರೆ, ದಯವಿಟ್ಟು ಅದನ್ನ ನೋಡದೆ ಬರಬೇಡಿ. ಮೊದಲು ಜೇಡಿಮಣ್ಣಲ್ಲಿ ಒಳಗಿನ ತಿರುಳು ಮಾಡಿ ಒಣಗಿಸ್ತಾರೆ. ಅದರ ಮೇಲೆ ಮೇಣದ ಎಳೆ ಸುತ್ತೋದು, ಜೇನುಮೇಣ, ರಾಳ, ಸಾಸಿವೆ ಎಣ್ಣೆ ಸೇರಿಸಿ ಕಾಯಿಸಿ ಮಾಡಿದ ಎಳೆ, ನೋಡಕ್ಕೆ ಥೇಟ್ ನಮ್ಮ ಒತ್ತು ಶಾವಿಗೆ ಎಳೆ ಥರಾನೇ. ಕಣ್ಣು, ರೆಕ್ಕೆ, ಬಳೆ, ಗೆಜ್ಜೆ ಎಲ್ಲಾ ಆ ಎಳೇಲೇ. ಆಮೇಲೆ ಮೇಲ್ಗಡೆ ಮತ್ತೆ ಮಣ್ಣು ಮೆತ್ತಿ, ಬಾಯಿ ಹತ್ರ ಒಂದು ಮಣ್ಣಿನ ಬಟ್ಟಲು ಕೂಡಿಸಿ ಅದರೊಳಗೆ ಹಳೇ ಹಿತ್ತಾಳೆ ಚೂರು ತುಂಬಿ ಪೂರ್ತಿ ಮುಚ್ಚಿಬಿಡ್ತಾರೆ. ಲೋಹ ಕರಗಿಸೋ ಮೂಸೆ ಬೇರೆ ಅಚ್ಚು ಬೇರೆ ಇಲ್ಲ, ಎಲ್ಲಾ ಒಂದೇ ಮಣ್ಣಿನ ಉಂಡೆ. ಕುಲುಮೇಲಿ ಮೇಣ ಕರಗಿ ಹೋಗುತ್ತೆ, ಹಿತ್ತಾಳೆ ಕರಗಿದ ಹೊತ್ತಿಗೆ ಇಕ್ಕಳದಲ್ಲಿ ಹಿಡಿದು ಉಂಡೇನ ತಲೆಕೆಳಗೆ ಮಾಡಿದ್ರೆ ಮೇಣ ಇದ್ದ ಜಾಗಕ್ಕೆ ಲೋಹ ಇಳಿಯುತ್ತೆ. ಒಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ, ಬೆಂಕಿ ಬಣ್ಣ ನೋಡೇ ಅಂದಾಜು ಮಾಡ್ಬೇಕಂತೆ, ತಪ್ಪಿದ್ರೆ ವಾರದ ಕೆಲಸ ಹೋಯ್ತು. ಅದನ್ನ ಕೇಳಿದ್ಮೇಲೆ ನಾನು ಚೌಕಾಸಿ ಮಾಡಕ್ಕೆ ಹೋಗಲಿಲ್ಲ.

ಇದು ನಮಗೇನೂ ಹೊಸದಲ್ಲ ಅನ್ನೋದೂ ಹೇಳ್ಬೇಕು. ನಮ್ಮ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮೇಣದ ಎರಕದ ವಿಧಾನ ಇದೆ, ಮೇಣದ ತೂಕದ ಮೇಲೆ ಲೋಹ ಎಷ್ಟು ಬೇಕು ಅಂತ ಲೆಕ್ಕಾನೂ ಇದೆ, ಬೆಳ್ಳಿಗೆ 12 ಪಟ್ಟು, ಚಿನ್ನಕ್ಕೆ 16 ಪಟ್ಟು. ಬಿಕ್ನಾದವರು ಅದೇ ಥರದ ವಿದ್ಯೇನ ಓದಿ ಅಲ್ಲ, ಅಪ್ಪ ಅಮ್ಮನ ಪಕ್ಕ ಕೂತು ಕಲ್ತಿದಾರೆ. ಡೋಕ್ರಾ ಅನ್ನೋ ಹೆಸರೂ ಊರೂರು ಅಲೀತಿದ್ದ ಡೋಕ್ರಾ ದಾಮಾರ್ ಅನ್ನೋ ಕುಲುಮೆ ಜನರಿಂದಲೇ ಬಂದಿದ್ದು. ಬಂಗಾಳದ ಡೋಕ್ರಾಕ್ಕೆ 2018ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಪ್ರದೇಶದ್ದೇ ಅನ್ನೋ ಅಧಿಕೃತ ಗುರುತು, ಸಿಕ್ಕಿದೆ.

ನಾವು ತಗೊಂಡಿದ್ದು ಒಂದು ಗೂಬೆ, 1,100 ರೂಪಾಯಿ, ಮತ್ತೆ ಒಂದು ಅಳತೆ ಬಟ್ಟಲು, 1,600. ಗೂಬೆ ಮಗಳ ಆಯ್ಕೆ. ಅತ್ತೆ ಅಲ್ಲೇ ನನ್ನ ಕೈ ಹಿಡ್ಕೊಂಡು "ಬೇಡ ಕಣಮ್ಮ, ಗೂಬೇನ ಯಾರಾದ್ರೂ ದುಡ್ಡು ಕೊಟ್ಟು ಮನೆಗೆ ತರ್ತಾರಾ" ಅಂದ್ರು. ಆ ಅಕ್ಕಂಗೆ ಕನ್ನಡ ಬರದಿದ್ರೂ ಅರ್ಥ ಆಯ್ತು ಅನ್ಸುತ್ತೆ, ಪಕ್ಕದಲ್ಲಿದ್ದ ಲಕ್ಷ್ಮಿ ಬೊಂಬೆ ತಗೊಂಡು ಕಾಲ ಹತ್ರ ಇರೋ ಗೂಬೇನ ಬೆರಳಲ್ಲಿ ತೋರಿಸಿದ್ರು. ಬಂಗಾಳದಲ್ಲಿ ಗೂಬೆ ಲಕ್ಷ್ಮಿ ವಾಹನ. ಅತ್ತೆ ಸ್ವಲ್ಪ ಹೊತ್ತು ನೋಡಿ, ಲಕ್ಷ್ಮಿ ಹತ್ರ ಇರೋದಾದ್ರೆ ಇರ್ಲಿ ಬಿಡು ಅಂದ್ರು.

ಬಟ್ಟಲು ಮಾತ್ರ ಅತ್ತೇನೇ ಕೇಳಿ ತಗೊಂಡಿದ್ದು. ಬಂಗಾಳದ ಕಡೆ ಅಕ್ಕಿ ಅಳೆಯೋಕೆ ಇಂಥದ್ದು ಇಟ್ಕೊಳ್ತಾರಂತೆ, ನಮ್ಮ ಪಾವು ಸೇರು ಥರ. ಮನೆಗೆ ಬಂದು ನಮ್ಮ ಹಳೇ ಪಾವಲ್ಲಿ ಅಕ್ಕಿ ಅಳೆದು ಸುರಿದು ನೋಡಿದ್ರು, ಒಂದು ಪಾವು ಹಿಡಿದು ಮೇಲೆ ಒಂದು ಹಿಡಿ ಜಾಗ ಉಳೀತು. ಸುತ್ತ ಇರೋ ಎಳೆ ಕೆಲಸ ಕೈಗೆ ಒಳ್ಳೇ ಹಿಡಿತ ಕೊಡುತ್ತೆ, ಜಾರಲ್ಲ.

ಕೊರತೆ ಅಂದ್ರೆ ಬೆಲೆ ಚೀಟಿ ಯಾವುದಕ್ಕೂ ಇಲ್ಲ, ಪ್ರತಿಯೊಂದೂ ಕೇಳ್ಬೇಕು. ಪ್ಯಾಕಿಂಗ್ ಬರೀ ಪೇಪರು, ಸಣ್ಣ ಕಾಲು ಕೊಂಬು ಇರೋ ಬೊಂಬೆ ತಗೊಳ್ಳೋರು ಮನೆಯಿಂದ ಹಳೇ ಟವೆಲ್ ತಗೊಂಡು ಹೋಗಿ. ನಮ್ಮ ಗೂಬೆ ಅಡಿ ಸಮ ಇಲ್ಲ, ಸ್ವಲ್ಪ ಅಲ್ಲಾಡುತ್ತೆ, ತಗೊಳ್ಳೋ ಮುಂಚೆ ಟೇಬಲ್ ಮೇಲೆ ಇಟ್ಟು ನೋಡ್ಕೊಳ್ಳಿ. ಮನೇಲಿ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಎಳೆಗಳ ಸಂದೀಲಿ ಸಿಕ್ಕೊಳ್ಳುತ್ತೆ, ಮತ್ತೆ ಸಂದಿಯ ಆ ಕಪ್ಪು ಇದ್ರೇನೇ ಎಳೆ ಎದ್ದು ಕಾಣೋದು. ಒಣ ಬ್ರಷ್ಷು, ಒಣ ಬಟ್ಟೆ ಸಾಕು.

ನಾವು ಬರೋವಾಗ ಅಳತೆ ಬಟ್ಟಲು ಇನ್ನು ಎರಡೇ ಇದ್ವು, ಒಂದನ್ನ ನನ್ನ ತಂಗಿಗೆ ಎತ್ತಿಡಿ ಅಂತ ಹೇಳಿ ಬಂದಿದೀನಿ.