ಅಗ್ಗದ ಸ್ಪೋರ್ಟಿ ಕೂಪೆ ನೋಡೋಕೆ ಹೊರಟಿದ್ದೀರಾ? ಎಂಜಿನ್ ಆಗಲೇ ಆನ್ ಆಗಿದ್ದರೆ ಹುಷಾರು

ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈಕಟ್ಟು, ಕಾಲಿಟ್ಟರೆ ಚಿಮ್ಮುವ ಟರ್ಬೊ ಎಂಜಿನ್. ಅಂಥದ್ದೊಂದು ಚಿಕ್ಕ ಕೂಪೆ ಸಾಧಾರಣ ಫ್ಯಾಮಿಲಿ ಕಾರಿನ ಬೆಲೆಗೆ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿತು, ತಗೊಂಡೆ. ವಾರಾಂತ್ಯದ ಶೋಕಿಗಲ್ಲ, ದಿನಾ ಕೆಲಸಕ್ಕೆ ಓಡಾಡೋಕೆ. ಯಾವ ಕಂಪನಿಯದ್ದು ಅಂತ ಬರೆಯಲ್ಲ. ಇಲ್ಲಿ ಹೇಳಬೇಕಾದದ್ದು ಆ ಮಾಡೆಲ್ ಬಗ್ಗೆ ಅಲ್ಲ, ಇಂಥ ಕಾರುಗಳ ಟೆಸ್ಟ್ ಡ್ರೈವ್ ಅನ್ನೋ ನಾಟಕದ ಬಗ್ಗೆ.

ನಾನು ಹೋಗುವಷ್ಟರಲ್ಲಿ ಕಾರು ಸ್ಟಾರ್ಟ್ ಆಗಿ ನಿಂತಿತ್ತು. "ಎಸಿ ಹಾಕಿ ಒಳಗೆಲ್ಲ ತಣ್ಣಗೆ ಮಾಡಿಟ್ಟಿದ್ದೀನಿ ಸಾರ್, ಆರಾಮಾಗಿ ಕೂತ್ಕೊಳಿ" ಅಂದ ಮಾರುವವನು. ಎಂಥ ಉಪಚಾರ! ಮಾರನೆಯ ದಿನ ಬೆಳಗ್ಗೆ ಮನೆ ಮುಂದೆ ಕೀ ತಿರುಗಿಸಿದಾಗ ಆ ಉಪಚಾರದ ಅರ್ಥ ಗೊತ್ತಾಯಿತು. ಎಂಜಿನ್ನಿನ ಒಂದು ಬದಿಯಿಂದ ಕಟಕಟ ಸದ್ದು, ಒಂದೆರಡು ಸೆಕೆಂಡು, ಆಮೇಲೆ ನಿಶ್ಶಬ್ದ. ಫೋನ್ ಮಾಡಿ ಕೇಳಿದ್ದಕ್ಕೆ "ಸ್ಪೋರ್ಟ್ಸ್ ಕಾರಲ್ವಾ ಸಾರ್, ಸ್ವಲ್ಪ ಸದ್ದು ಇದ್ದೇ ಇರುತ್ತೆ" ಅಂದ. ಮೆಕ್ಯಾನಿಕ್ ಮಾತ್ರ ಸದ್ದು ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರು: ಟೈಮಿಂಗ್ ಚೈನ್, ಅಂದರೆ ಪಿಸ್ಟನ್ನಿನ ಓಟಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಚೈನ್, ಸಡಿಲ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದಿರುತ್ತೆ, ಅದರ ಒತ್ತಡ ಬರುವವರೆಗೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡಲ್ಲ, ಆ ಹೊತ್ತಿನಲ್ಲಿ ಸಡಿಲ ಚೈನ್ ಬಡಿದುಕೊಳ್ಳುತ್ತೆ. ಬಿಸಿ ಎಂಜಿನ್ನಿನಲ್ಲಿ ಈ ಸದ್ದು ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಹಾಗೇ ಬಿಟ್ಟು ಚೈನ್ ಹಲ್ಲು ಜಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗಬಹುದು.

ಎರಡನೆಯ ಮೋಸ ಇನ್ನೂ ನಾಜೂಕು. ಟೆಸ್ಟ್ ಡ್ರೈವ್ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದೂ ವಾರ್ನಿಂಗ್ ಲೈಟ್ ಇರಲಿಲ್ಲ. ಕೆಲವು ದಿನ ಓಡಿಸಿದ ಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿತು, ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಲೈಟ್ ಆರಿಸೋದು ಯಾರಿಗೂ ಕಷ್ಟವಲ್ಲ, ಅಗ್ಗದ ಸ್ಕ್ಯಾನರಿನಲ್ಲಿ ಒಂದು ಬಟನ್ ಒತ್ತಿದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡೆಲ್ಲ ಅಳಿಸಿಹೋಗುತ್ತೆ. ಆದರೆ ಹಾಗೆ ಅಳಿಸಿದಾಗ ರೆಡಿನೆಸ್ ಮಾನಿಟರ್ ಅಂತ ಇರುವ ಸ್ವಯಂ ತಪಾಸಣೆಗಳೂ ಸೊನ್ನೆಗೆ ಬರುತ್ತವೆ. ಅವೆಲ್ಲ ಮತ್ತೆ ಪೂರ್ತಿಯಾಗೋಕೆ ಕಾರು ಬೇರೆ ಬೇರೆ ವೇಗದಲ್ಲಿ ಸಾಕಷ್ಟು ಓಡಬೇಕು. ಹಾಗಾಗಿ ದುಡ್ಡು ಕೊಡುವ ಮುಂಚೆ ನಿಮ್ಮದೇ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಚುಚ್ಚಿ ನೋಡಿ. ಕೋಡ್ ಒಂದೂ ಇಲ್ಲ, ಆದರೆ ಮಾನಿಟರ್‌ಗಳು ಸಾಲಾಗಿ "ನಾಟ್ ರೆಡಿ" ಅಂತ ತೋರಿಸುತ್ತಿವೆ ಅಂದರೆ ಯಾರೋ ಈಚೆಗಷ್ಟೇ ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಯಾಕೆ ಅಂತ ಕೇಳಿ, ಮುಖ ನೋಡಿ.

ನನ್ನ ಕಾರಿನ ಮಿಸ್‌ಫೈರಿಗೆ ಕಾರಣ ವಾಲ್ವಿನ ಮೇಲೆ ಗಟ್ಟಿಯಾಗಿ ಕೂತ ಇಂಗಾಲ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಬೀಳುವುದರಿಂದ ಇನ್‌ಟೇಕ್ ವಾಲ್ವುಗಳನ್ನು ತೊಳೆಯುವವರೇ ಇಲ್ಲ. ಟ್ಯಾಂಕಿಗೆ ಯಾವ ಕ್ಲೀನರ್ ಸುರಿದರೂ ಅಲ್ಲಿಗೆ ತಲುಪಲ್ಲ, ಬಿಚ್ಚಿಯೇ ತೆಗೆಯಬೇಕು.

ಇನ್ನು ಟೈರು. ಅವನು ಕರೆದುಕೊಂಡು ಹೋದ ರಸ್ತೆ ಬೆಣ್ಣೆಯಂತಿತ್ತು. ನಮ್ಮ ದಿನದ ರಸ್ತೆಗಳು ಹಾಗಿರಲ್ಲವಲ್ಲ. ಕಾರಿನಲ್ಲಿದ್ದದ್ದು 225/40 ಆರ್18 ಟೈರು. ಅಂದರೆ 18 ಇಂಚಿನ ರಿಮ್, ಅಗಲ 225 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇ. 40, ಅಂದರೆ ಬರೀ 90 ಮಿಮೀ. ಫ್ಯಾಮಿಲಿ ಕಾರಿನ 205/55 ಟೈರಿನಲ್ಲಿ ಅದು ಸುಮಾರು 113 ಮಿಮೀ. ಆ ವ್ಯತ್ಯಾಸದ ಬೆಲೆ ಒಂದೇ ಗುಂಡಿಯಲ್ಲಿ ತಿಳಿಯಿತು: ಟೈರಿನ ಪಕ್ಕದಲ್ಲಿ ಉಬ್ಬು, ರಿಮ್ ಸೊಟ್ಟ. ಟೈರು ಬದಲಿಸಲು ಚಕ್ರ ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಿಂದಿನ ಮಾಲೀಕ ಕಾರು ತಗ್ಗಾಗಿ ಕಾಣಲಿ ಅಂತ ಸ್ಪ್ರಿಂಗ್ ಕತ್ತರಿಸಿದ್ದ! ಅದರಿಂದ ಚಕ್ರ ಒಳಕ್ಕೆ ವಾಲಿ, ಹೊರಗಿನಿಂದ ಹೊಸದರಂತೆ ಕಾಣುವ ಟೈರು ಒಳ ಅಂಚಿನಲ್ಲಿ ತಂತಿ ಕಾಣುವಷ್ಟು ಸವೆದಿತ್ತು. ನೋಡೋಕೆ ಹೋದಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳಬದಿಗೆ ಕೈ ಆಡಿಸಿ. ಹಿಂದಿನವಕ್ಕೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಬೇಕು, ಬಟ್ಟೆ ಕೊಳೆಯಾದರೂ ಸರಿ. ಟೈರಿನ ಮೇಲೆ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿಯನ್ನೂ ಓದಿ. 2319 ಅಂದರೆ 2019ರ 23ನೇ ವಾರದ ಟೈರು.

ದಿನನಿತ್ಯದ ತಾಪತ್ರಯಗಳು ಇದರ ಮುಂದೆ ಸಣ್ಣವು. ಉದ್ದನೆಯ ಬಾಗಿಲು ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಅರ್ಧವೂ ತೆರೆಯಲ್ಲ, ಹಿಂದಿನ ಕಂಬ ದಪ್ಪ ಇರುವುದರಿಂದ ಲೇನ್ ಬದಲಿಸುವಾಗ ಬೈಕಿನವರು ಕಾಣಿಸಲ್ಲ. ಅಮ್ಮನಿಗೆ ಮಂಡಿ ನೋವು, ಹಿಂದಿನ ಸೀಟಿಗೆ ಹತ್ತುವುದಿರಲಿ, ಮುಂದಿನ ಸೀಟಿನಿಂದ ಏಳೋಕೂ ಕೈ ಕೊಡಬೇಕು.

ಹಾಗಂತ ಕೂಪೆಗಳೆಲ್ಲ ಹೀಗೇ ಅಂತಲ್ಲ. 2011ರಲ್ಲಿ ಬಂದ ಹ್ಯುಂಡೈ ವೆಲೋಸ್ಟರ್ ಒಂದು ಬದಿಗೆ ಮಾತ್ರ ಹಿಂದಿನ ಬಾಗಿಲು ಕೊಟ್ಟು ಹತ್ತಿಳಿಯುವ ಕಷ್ಟವನ್ನು ಅರ್ಧಕ್ಕೆ ಇಳಿಸಿತು. 2012ರ ಟೊಯೋಟಾ 86 ಮತ್ತು ಸುಬಾರು ಬಿಆರ್‌ಝಡ್ ಜೋಡಿಯಂತೂ ಟರ್ಬೊ ಇಲ್ಲದ 2 ಲೀಟರ್ ಎಂಜಿನ್ ಇಟ್ಟುಕೊಂಡೇ ಮಜಾ ಕೊಟ್ಟ ಹಗುರ ಕಾರುಗಳು. ಆದರೆ ಅವನ್ನೂ ಕಣ್ಣು ಮುಚ್ಚಿ ಕೊಳ್ಳಬೇಡಿ. ಮೊದಮೊದಲಿನ ಕಾರುಗಳ ವಾಲ್ವ್ ಸ್ಪ್ರಿಂಗ್ ಮುರಿಯಬಹುದು ಅಂತ 2018ರಲ್ಲಿ ರೀಕಾಲ್ ಆಗಿತ್ತು, ಅಂದರೆ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆದಿತ್ತು. ಅದು ಎಂಜಿನ್ ಕೆಳಗಿಳಿಸಿ ಮಾಡುವ ಕೆಲಸ, ಹಾಗಾಗಿ ಚಾಸಿಸ್ ನಂಬರ್ ಕೊಟ್ಟು ಆಗಿದೆಯಾ, ಎಲ್ಲಿ ಆಗಿದೆ ಅಂತ ದಾಖಲೆ ಸಮೇತ ಕೇಳಿ.

ನೋಡಲು ಹೋಗುವ ಹಿಂದಿನ ದಿನವೇ ಮಾರುವವನಿಗೆ ಹೇಳಿಬಿಡಿ: ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ, ಬಿಸಿ ಇದ್ದರೆ ಇನ್ನೊಂದು ಬೆಳಗ್ಗೆ ಬರ್ತೀನಿ ಅಂತ ಹೊರಟುಬಿಡಿ. ಯಾವ ರಸ್ತೆ ಅನ್ನೋದನ್ನು ನೀವೇ ಆರಿಸಿ, ಹಂಪು ಗುಂಡಿ ಎರಡೂ ಇರಲಿ. ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕಿರುಚಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಅಡ್ವಾನ್ಸ್ ಕೊಡುವ ಮೊದಲು ಇನ್ಶೂರೆನ್ಸ್ ಮೊತ್ತವನ್ನೂ ವಿಚಾರಿಸಿ. ಸ್ಪ್ರಿಂಗು, ಸೈಲೆನ್ಸರು, ಎಂಜಿನ್ ಮ್ಯಾಪು (ಎಂಜಿನ್ ನಡೆಸುವ ಸಾಫ್ಟ್‌ವೇರಿನ ಸೆಟ್ಟಿಂಗು) ಏನೇ ಬದಲಾಗಿದ್ದರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಬದಲಾವಣೆ ಮಾಡಿದ್ದು ಹಿಂದಿನವನೇ ಆದರೂ ಕ್ಲೇಮ್ ತಿರಸ್ಕಾರವಾಗುವುದು ನಿಮ್ಮ ಹೆಸರಿನಲ್ಲಿ.