ಲೈವ್ ಮ್ಯೂಸಿಕ್ ಆರ್ಕೈವ್: ಎಂಟು ವರ್ಷ ಕಿವಿಗೊಟ್ಟ ಮೇಲೆ

ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಕಛೇರಿಗಳ ಧ್ವನಿಮುದ್ರಣಗಳಿರುವ ಈ ವಿಭಾಗಕ್ಕೆ ಮೊದಮೊದಲು ಹಾಡು ಕೇಳಲು ಹೋಗುತ್ತಿದ್ದೆ. ಈಗ ಮೊದಲು ಓದುವುದು ಧ್ವನಿಮುದ್ರಣದ ಜೊತೆಗಿರುವ ವಿವರಗಳನ್ನು. ಯಾವ ಮೈಕು, ಯಾವ ಡೆಕ್ಕು, ಮೂಲ ಟೇಪೋ ಎಷ್ಟನೆಯದೋ ನಕಲೋ, ಕಂಪ್ಯೂಟರಿಗೆ ಇಳಿಸಿದ ಮೇಲೆ ಏನೇನು ತಿದ್ದಿದರು ಎಂಬುದೆಲ್ಲ ಅಲ್ಲಿರಬೇಕು. ಅದು ಟೇಪಿನ ಜಾತಕ. ಜಾತಕವಿಲ್ಲದ ಟೇಪನ್ನು ನಾನು ಕೇಳುವುದೇ ಕಡಿಮೆ.

ಟೇಪ್ ವಿನಿಮಯ ಮಾಡಿಕೊಳ್ಳುತ್ತಿದ್ದ ಈಟ್ರೀ ಬಳಗದ ಜೊತೆಗೂಡಿ 2002ರಲ್ಲಿ ಆರಂಭವಾದ ಸಂಗ್ರಹ ಇದು. ಅನುಮತಿ ಕೊಟ್ಟ ಕಲಾವಿದರಿಗಷ್ಟೇ ಇಲ್ಲಿ ಜಾಗ. ಹಾಗಾಗಿ ಲೆಡ್ ಜೆಪೆಲಿನ್ ರಾಕ್ ತಂಡವನ್ನು ಅರಸಿ ಬಂದವರಿಗೆ ನಿರಾಸೆ, ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳಿಗೆ ಹಬ್ಬ. ಟೇಪ್ ಮಾಡುವವರಿಗೆಂದೇ 1984ರಲ್ಲಿ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟ ತಂಡ ಅದು.

1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಅವರು ನುಡಿಸಿದ ರಾತ್ರಿಯನ್ನೇ ತೆಗೆದುಕೊಳ್ಳಿ. ಒಂದೇ ಕಛೇರಿಗೆ ಹಲವು ಪ್ರತಿಗಳು. ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮುದ್ರಿಸಿದ ಸೌಂಡ್‌ಬೋರ್ಡ್ (ವೇದಿಕೆಯ ಮೈಕುಗಳ ಧ್ವನಿ ಬೆರೆಸುವ ಯಂತ್ರದಿಂದಲೇ ನೇರ ಹಿಡಿದ) ಟೇಪಿನಲ್ಲಿ ಪ್ರತಿ ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಆದರೆ ಸಭಾಂಗಣವೇ ಇಲ್ಲ. ಪ್ರೇಕ್ಷಕರ ನಡುವಿನಿಂದ ಹಿಡಿದದ್ದರಲ್ಲಿ ಸಭಾಂಗಣವಿದೆ, ತಂತಿಗಳು ಕಲಸಿಕೊಂಡಿವೆ. ಎರಡನ್ನೂ ಬೆರೆಸಿದರೆ ಅದು ಮ್ಯಾಟ್ರಿಕ್ಸ್. ಎರಡು ಟೇಪುಗಳ ವೇಗ ಕೂದಲೆಳೆಯಷ್ಟು ಬೇರೆಯಾದರೂ ಡ್ರಮ್ಮಿನ ಒಂದೇ ಏಟು ಎರಡಾಗಿ ಬೀಳುತ್ತದೆ. ಅದನ್ನು ಸರಿಹೊಂದಿಸಲು ಕುಳಿತವರ ತಾಳ್ಮೆಗೆ ನನ್ನ ನಮಸ್ಕಾರ.

ವೇಗದ ಕಥೆ ಇನ್ನೂ ರಂಜಕ. ಅಮೆರಿಕದ ವಿದ್ಯುತ್ತಿನ ಗುಂಯ್‌ಗುಡುವಿಕೆ 60 ಹರ್ಟ್ಸ್. ಮುದ್ರಣದ ವೇಳೆಯೇ ಸೇರಿಕೊಂಡ ಆ ಸದ್ದು ಈಗ 62ರಲ್ಲಿ ಕಂಡರೆ ಟೇಪು ಶೇಕಡಾ 3ರಷ್ಟು ವೇಗವಾಗಿ ಓಡುತ್ತಿದೆ, ಗಾಯಕನ ಶ್ರುತಿ ಒಂದು ಸೆಮಿಟೋನಿನ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ) ಸುಮಾರು ಅರ್ಧದಷ್ಟು ಮೇಲೇರಿದೆ ಎಂದರ್ಥ. ಎಲ್ಲರೂ ಶಪಿಸುವ ಆ ಗುಂಯ್‌ಕಾರವೇ ಇಲ್ಲಿ ಸಾಕ್ಷಿ ಹೇಳುತ್ತದೆ! ಅದನ್ನು ಮೊದಲೇ ಒರೆಸಿ ಹಾಕಿದರೆ ಸಾಕ್ಷಿಯೂ ಹೋಯಿತು.

ಒರೆಸುವ ಚಟ ನನಗೂ ಇತ್ತು. ಎರವಲು ತಂದ ಕ್ಯಾಸೆಟ್ಟೊಂದರ ಹಿಸ್ ಸದ್ದನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಕಳೆದೆ, ಇನ್ನಷ್ಟು ಕಳೆದೆ. ಇಯರ್‌ಫೋನಿನಲ್ಲಿ ಬಹಳ ನಿರ್ಮಲವಾಗಿ ಕೇಳಿತು. ಮೂಲ ಕಡತ ಅಳಿಸಿದೆ, ಕ್ಯಾಸೆಟ್ ಹಿಂದಿರುಗಿಸಿದೆ. ತಿಂಗಳ ನಂತರ ಒಳ್ಳೆಯ ಸ್ಪೀಕರಿನಲ್ಲಿ ಹಾಕಿದಾಗ ತಾಳದ ತಟ್ಟೆಗಳು ನೀರಿನೊಳಗೆ ಮುಳುಗಿ ಗುಳುಗುಳು ಎನ್ನುತ್ತಿದ್ದವು. ಕ್ಯಾಸೆಟ್ಟಿನ ಒಡೆಯ ಅಷ್ಟರಲ್ಲಿ ಅದರ ಮೇಲೆ ಬೇರೇನೋ ಮುದ್ರಿಸಿದ್ದ. ಅಂದಿನಿಂದ ಪಟ್ಟಿಯಲ್ಲಿ ಹತ್ತು ಪ್ರತಿಗಳಿದ್ದರೆ ಕಡಿಮೆ ಕೈ ಹಾಕಿದ್ದನ್ನೇ ಆರಿಸುತ್ತೇನೆ.

ಹೊಸಬರಿಗೆ ಒಂದು ಮಾತು: ನಕ್ಷತ್ರಗಳನ್ನು ನೋಡಿ ಮರುಳಾಗಬೇಡಿ. ಜನ ಐದು ನಕ್ಷತ್ರ ಕೊಡುವುದು ಆ ರಾತ್ರಿಗೆ, ಟೇಪಿಗಲ್ಲ. ಹಾಗೆಯೇ ಫ್ಲ್ಯಾಕ್ (ಧ್ವನಿಯ ಏನನ್ನೂ ಕಳೆಯದೆ ಕುಗ್ಗಿಸಿಡುವ ಕಡತ) ಎಂದು ಹೆಸರಿದ್ದ ಮಾತ್ರಕ್ಕೆ ಎಲ್ಲ ಕಡೆಯೂ ನಂಬಬಾರದು. ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ 16 ಕಿಲೋಹರ್ಟ್ಸ್ ಮೇಲೆ ಕತ್ತರಿಸಿಟ್ಟಂತೆ ಖಾಲಿಯಿದ್ದರೆ, ನಡುವೆ ಎಲ್ಲೋ ಎಂಪಿ3 ಆಗಿ, ಸದ್ದಿನ ಒಂದಿಷ್ಟನ್ನು ಕಳೆದುಕೊಂಡು ಬಂದ ಸರಕು ಇರಬಹುದು.

2005ರ ಕೊನೆಯಿಂದ ಡೆಡ್ ತಂಡದ ಸೌಂಡ್‌ಬೋರ್ಡ್ ಟೇಪುಗಳನ್ನು ಇಲ್ಲಿ ಕೇಳಬಹುದಷ್ಟೇ, ಇಳಿಸಿಕೊಳ್ಳುವಂತಿಲ್ಲ. ಪ್ರೇಕ್ಷಕರು ಮುದ್ರಿಸಿದ್ದಕ್ಕೆ ಆ ಬೀಗವಿಲ್ಲ. ತಂಡದ ಹಕ್ಕು, ವಾದಿಸಲಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಹೋದದ್ದು ಬೀಗಕ್ಕೇ.